ಮನೆಗೆ ಮುಂಚೆ ರೈಲು: ಐರ್ಲೆಂಡಿನ ಆಡಮ್ಸ್‌ಟೌನ್ ನಮ್ಮ ಬಿಡದಿಗೆ ಕಲಿಸೋ ಪಾಠ



ಬಿಡದಿಯಲ್ಲಿ ಹೊಸ ನಗರ ಕಟ್ಟೋ ಮಾತು ಮತ್ತೆ ಜೋರಾಗಿದೆ. 2006-07ರಲ್ಲಿ ಒಮ್ಮೆ ಎದ್ದು ಮಲಗಿದ್ದ ಯೋಜನೆ ಇದು. 2025ರಲ್ಲಿ 'ಗ್ರೇಟರ್ ಬೆಂಗಳೂರು ಇಂಟಿಗ್ರೇಟೆಡ್ ಟೌನ್‌ಶಿಪ್' ಅನ್ನೋ ಹೊಸ ಹೆಸರು ಹೊತ್ತು ವಾಪಸ್ ಬಂತು. ಭೈರಮಂಗಲ, ಕಂಚುಗಾರನಹಳ್ಳಿ ಸುತ್ತಮುತ್ತಲ ಸಾವಿರಾರು ಎಕರೆ ಭೂಮಿ ಇದಕ್ಕೆ ಬೇಕಂತೆ. ಅಲ್ಲಿನ ರೈತರು ಬೀದಿಗೆ ಇಳಿದಿದ್ದಾರೆ. ಭೂಮಿ ಕೊಡಬೇಕೋ ಬೇಡವೋ, ಪರಿಹಾರ ಎಷ್ಟು ಅನ್ನೋದು ಅವರ ಬದುಕಿನ ಪ್ರಶ್ನೆ. ಅದನ್ನ ಅವರು ಗಟ್ಟಿಯಾಗೇ ಕೇಳ್ತಿದ್ದಾರೆ.

ಅಷ್ಟು ಗಟ್ಟಿಯಾಗಿ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಆ ಹೊಸ ನಗರಕ್ಕೆ ಬಂದು ನೆಲೆಸೋ ಜನ ದಿನಾ ಬೆಳಿಗ್ಗೆ ಕೆಲಸಕ್ಕೆ ಹೇಗೆ ಹೋಗ್ತಾರೆ? ಅದಕ್ಕೆ ಬೇಕಾದ ರೈಲು, ಬಸ್ಸು, ರಸ್ತೆ ಯಾವಾಗ ಬರುತ್ತೆ? ದುಡ್ಡು ಯಾರು ಕೊಡ್ತಾರೆ? ಸೈಟು ಹಂಚಿಯಾದ ಮೇಲೆ ಈ ಪ್ರಶ್ನೆ ಕೇಳಿದ್ರೆ ಉತ್ತರ ಸಿಗಲ್ಲ. ಹಾಗಾಗಿ ಈಗಲೇ ಕೇಳೋಣ ಅಂತ ಈ ಬರಹ.

ನಾನಿರೋದು ಡಬ್ಲಿನ್ನಿನ ಪಶ್ಚಿಮಕ್ಕಿರೋ ಲೂಕನ್‌ನಲ್ಲಿ. ಪಕ್ಕದಲ್ಲೇ ಆಡಮ್ಸ್‌ಟೌನ್ ಅನ್ನೋ ಹೊಸ ಊರು. ಭಾರತದಿಂದ ಬಂದ ಕುಟುಂಬಗಳು, ಅದರಲ್ಲೂ ಸಾಫ್ಟ್‌ವೇರ್ ಮತ್ತು ಆಸ್ಪತ್ರೆಗಳಲ್ಲಿ ದುಡಿಯೋರು, ಇಲ್ಲಿ ತುಂಬಾ ಇದ್ದಾರೆ. ಇಪ್ಪತ್ತೈದು ವರ್ಷದ ಹಿಂದೆ ಇದು ಬರೀ ಹುಲ್ಲುಗಾವಲು. ಈ ಊರನ್ನ ಕಟ್ಟಿದ ಬಗೆಯಲ್ಲಿ ನಾವು ಎತ್ತಿಕೊಳ್ಳಬೇಕಾದ್ದೂ ಇದೆ, ಹುಷಾರಾಗಿರಬೇಕಾದ್ದೂ ಇದೆ.

ಮೊದಲು ಕೆಟ್ಟ ಪಾಠ

ಐರ್ಲೆಂಡಿನವರು ಹುಟ್ಟಾ ಜಾಣರು, ನಾವು ದಡ್ಡರು ಅಂತ ಯಾರೂ ಅಂದ್ಕೋಬೇಡಿ. ಇವರೂ ನಮ್ಮ ಹಾಗೇ ಎಡವಿದೋರೇ. 1967ರಲ್ಲಿ ಮೈಲ್ಸ್ ರೈಟ್ ಅನ್ನೋ ಯೋಜನಾ ತಜ್ಞರ ವರದಿ ಬಂತು. ಡಬ್ಲಿನ್ ಬೆಳೀತಿದೆ, ಪಶ್ಚಿಮಕ್ಕೆ ಟಾಲಾ, ಕ್ಲೊಂಡಾಲ್ಕಿನ್, ಲೂಕನ್, ಬ್ಲಾಂಚರ್ಡ್ಸ್‌ಟೌನ್ ಕಡೆ ಹೊಸ ಪಟ್ಟಣಗಳನ್ನ ಬೆಳೆಸಿ ಅಂತ ಅದರ ಸಲಹೆ. ಮನೆಗಳೇನೋ ಸಾಲುಸಾಲಾಗಿ ಎದ್ದವು. ಆದ್ರೆ ಟಾಲಾ ಊರಿಗೆ ಒಂದು ದೊಡ್ಡ ಅಂಗಡಿ ಸಂಕೀರ್ಣ ಬಂದಿದ್ದು 1990ರಲ್ಲಿ. ಲುವಾಸ್ ಟ್ರಾಮ್ ಬಂದಿದ್ದು 2004ರಲ್ಲಿ. ವರದಿ ಬಂದು ಮೂವತ್ತೇಳು ವರ್ಷ! ಅಷ್ಟೂ ದಿನ ಆ ಊರಿನ ಜನ ಬಸ್ಸಿಗೆ ಕಾಯ್ತಾ, ಇಲ್ಲಾ ಸಾಲ ಮಾಡಿ ಕಾರು ತಗೊಂಡು ಬದುಕಿದರು.

ಇದು ನಮಗೆ ಗೊತ್ತಿರೋ ಕಥೆಯೇ ಅಲ್ವಾ? ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದ್ದು 1978ರಲ್ಲಿ. ಆರ್. ಕೆ. ಬಾಳಿಗರು ಕನಸು ಕಂಡ ಆ ಜಾಗ ಕರ್ನಾಟಕದ ಹೆಸರನ್ನ ಜಗತ್ತಿಗೇ ತಲುಪಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಲ್ಲಿಗೆ ಹೋಗಿ ಬರೋ ದಾರಿ ನೋಡಿ. ಮೇಲ್ಸೇತುವೆ ಬಂದಿದ್ದು 2010ರಲ್ಲಿ, ಅದೂ ಟೋಲ್ ಕಟ್ಟಿ. ಮೆಟ್ರೋದ ಹಳದಿ ಮಾರ್ಗ ಓಡಿದ್ದು 2025ರ ಆಗಸ್ಟ್ 10ರಂದು. ನಲವತ್ತೇಳು ವರ್ಷ ಆಗಿತ್ತು! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋ ಗಾದೆ ಇದಕ್ಕೇ ಹುಟ್ಟಿದ ಹಾಗಿದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಮ್ಮಲ್ಲಿ ಎಷ್ಟು ಜನ ಎಷ್ಟು ಸಂಜೆ ಕಳೆದಿದ್ದೀವಿ ಅನ್ನೋ ಲೆಕ್ಕ ನಾನು ಹೇಳಬೇಕಾಗಿಲ್ಲ.

ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಹೀಲಲಿಗೆಯಲ್ಲಿ ರೈಲು ನಿಲ್ದಾಣ ಇದೆ ಅನ್ನೋದನ್ನ ಮರೀಬೇಡಿ. ಬೆಂಗಳೂರು-ಹೊಸೂರು-ಸೇಲಂ ಹಳಿ ಆ ಜಾಗದ ಪಕ್ಕದಲ್ಲೇ ಹಾದುಹೋಗುತ್ತೆ. ಹಳಿ ಇದ್ದೂ ಊರಿನ ಯೋಜನೆಯನ್ನ ಅದಕ್ಕೆ ಜೋಡಿಸಲಿಲ್ಲ. ಆ ಕಡೆಗೆ ಉಪನಗರ ರೈಲಿನ 'ಕನಕ' ಮಾರ್ಗ, ಅಂದ್ರೆ ಹೀಲಲಿಗೆ-ರಾಜಾನುಕುಂಟೆ, ಮಂಜೂರಾಗಿದ್ದು 2020ರಲ್ಲಿ.

ಆಡಮ್ಸ್‌ಟೌನ್‌ನಲ್ಲಿ ಏನು ಬೇರೆ ಮಾಡಿದರು?

ಟಾಲಾದ ಪೆಟ್ಟು ತಿಂದ ಐರ್ಲೆಂಡ್ 2000ದಲ್ಲಿ ಯೋಜನೆ ಮತ್ತು ಅಭಿವೃದ್ಧಿ ಕಾಯ್ದೆ ತಂತು. ಅದರಲ್ಲಿ 'ಸ್ಟ್ರಾಟೆಜಿಕ್ ಡೆವಲಪ್‌ಮೆಂಟ್ ಝೋನ್' ಅನ್ನೋ ಹೊಸ ಏರ್ಪಾಟು. 2001ರಲ್ಲಿ ಆಡಮ್ಸ್‌ಟೌನ್‌ನ ಸುಮಾರು 220 ಹೆಕ್ಟೇರು ಜಾಗವನ್ನ, ಅಂದ್ರೆ ಹತ್ತಿರ ಹತ್ತಿರ 550 ಎಕರೆಯನ್ನ, ಈ ಏರ್ಪಾಟಿಗೆ ಸೇರಿಸಿದರು. ಸೌತ್ ಡಬ್ಲಿನ್ ಕೌಂಟಿ ಕೌನ್ಸಿಲ್ ತಯಾರಿಸಿದ ಯೋಜನೆಗೆ 2003ರಲ್ಲಿ ಒಪ್ಪಿಗೆ ಸಿಕ್ತು. ಸುಮಾರು 8 ಸಾವಿರದಿಂದ 10 ಸಾವಿರ ಮನೆಗಳ ಊರು.

ಇದರ ಒಳಗಿನ ಕೊಡು-ಕೊಳ್ಳುವಿಕೆಯನ್ನ ಸ್ವಲ್ಪ ಗಮನ ಇಟ್ಟು ನೋಡಿ. ಬಿಲ್ಡರ್‌ಗೆ ಏನು ಸಿಗುತ್ತೆ? ಒಟ್ಟು ಯೋಜನೆಗೆ ಒಮ್ಮೆ ಒಪ್ಪಿಗೆ ಸಿಕ್ಕಿದರೆ, ಅದಕ್ಕೆ ಹೊಂದೋ ಪ್ರತಿ ಮನೆಗೂ ಕೌನ್ಸಿಲ್ ಅನುಮತಿ ಕೊಡಲೇಬೇಕು. ಮೂರನೆಯವರು ಅದರ ಮೇಲೆ ಯೋಜನಾ ಮಂಡಳಿಗೆ ಮೇಲ್ಮನವಿ ಹಾಕೋ ಹಾಗಿಲ್ಲ. ಐರ್ಲೆಂಡಿನಲ್ಲಿ ಇದು ಬಿಲ್ಡರ್‌ಗೆ ಬಂಗಾರದಂಥ ಅನುಕೂಲ. ಬದಲಿಗೆ ಅವನು ಏನು ಕೊಡಬೇಕು? ಊರನ್ನ ಹಂತಹಂತವಾಗಿ ಕಟ್ಟಬೇಕು. ಒಂದು ಹಂತಕ್ಕೆ ಇಷ್ಟು ಮನೆ, ಜೊತೆಗೆ ಇಂತಿಂಥ ರಸ್ತೆ, ಬಸ್ ದಾರಿ, ರೈಲು ನಿಲ್ದಾಣ, ಶಾಲೆ, ಪಾರ್ಕು ಅಂತ ಪಟ್ಟಿ ಇರುತ್ತೆ. ಆ ಪಟ್ಟಿ ಮುಗೀದೆ ಮುಂದಿನ ಹಂತದ ಮನೆಗಳಿಗೆ ಕೈ ಹಾಕೋ ಹಾಗಿಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಡಿಪೆಂಡೆನ್ಸಿ. ಒಂದು ಮಾಡ್ಯೂಲ್ ಟೆಸ್ಟ್ ಪಾಸಾಗದೆ ಮುಂದಿನದು ಬಿಲ್ಡ್ ಆಗಲ್ಲ. ಮಂತ್ರಿ ಬದಲಾದರೂ, ಸರ್ಕಾರ ಬದಲಾದರೂ ಆ ಷರತ್ತು ಕಾಗದದ ಮೇಲೆ ಹಾಗೇ ಇರುತ್ತೆ.

ಇದರಿಂದ ಏನಾಯ್ತು? 2006ರ ಹೊತ್ತಿಗೆ ಮೊದಲ ಮನೆಗಳು ಮಾರಾಟಕ್ಕೆ ಬಂದವು. 2007ರ ಏಪ್ರಿಲ್‌ನಲ್ಲಿ ರೈಲು ನಿಲ್ದಾಣ ತೆರೀತು, ಅದನ್ನ ಕಟ್ಟಿಸಿದ್ದು ಬಿಲ್ಡರ್‌ಗಳ ಒಕ್ಕೂಟ. ಅದೇ ವರ್ಷ ಪ್ರಾಥಮಿಕ ಶಾಲೆಗಳು ಶುರುವಾದವು. ಎಲೆಕ್ಟ್ರಾನಿಕ್ ಸಿಟಿಗೆ ನಲವತ್ತೇಳು ವರ್ಷ ಹಿಡಿದಿದ್ದು ಇಲ್ಲಿ ಒಂದೆರಡು ವರ್ಷದಲ್ಲಿ ಆಯ್ತು. ನಮಗಿಂತ ಇವರ ಹತ್ತಿರ ದುಡ್ಡು ಜಾಸ್ತಿ ಇದ್ದಿರಬಹುದು, ಆದ್ರೆ ನಿಲ್ದಾಣಕ್ಕೆ ದುಡ್ಡು ಹೊರಡಿಸಿದ್ದು ಆ ಷರತ್ತು. ನಿಲ್ದಾಣ ಕಟ್ಟದಿದ್ದರೆ ಮುಂದಿನ ಮನೆ ಮಾರೋಕೆ ಆಗ್ತಿರಲಿಲ್ಲ, ಅದಕ್ಕೇ ಕಟ್ಟಿದರು.

ನಿಲ್ದಾಣ ಇದ್ದರೆ ಸಾಕಾ?

ಸಾಲದು. ಆಡಮ್ಸ್‌ಟೌನ್ ಕಥೆಯನ್ನ ಬರೀ ಹೊಗಳಿ ಬಿಟ್ಟರೆ ಅರ್ಧ ಸುಳ್ಳು ಹೇಳಿದ ಹಾಗೆ.

ಒಂದು, ರೈಲು ಎಲ್ಲಿಗೆ ಹೋಗ್ತಿತ್ತು? ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣಕ್ಕೆ. ಅದು ಊರಿನ ನಡುಭಾಗದಿಂದ ಪಶ್ಚಿಮಕ್ಕೆ ದೂರ. ಅಲ್ಲಿಳಿದು ಟ್ರಾಮೋ ಬಸ್ಸೋ ಹಿಡಿದು ಆಫೀಸಿಗೆ ಹೋಗಬೇಕಿತ್ತು. ಕಿಲ್ಡೇರ್ ರೂಟ್ ಪ್ರಾಜೆಕ್ಟ್ ಅಂತ ಹಳಿಗಳನ್ನ ಎರಡರಿಂದ ನಾಲ್ಕಕ್ಕೆ ಏರಿಸೋ ಕೆಲಸ ಮುಗಿದಾಗ 2010 ಬಂದಿತ್ತು. ಫೀನಿಕ್ಸ್ ಪಾರ್ಕಿನ ಅಡಿಯಲ್ಲಿ ಹಳೇ ಕಾಲದ ಸುರಂಗವೊಂದು ಮೊದಲಿಂದಲೂ ಇತ್ತು. ಅದರ ಮೂಲಕ ಗ್ರ್ಯಾಂಡ್ ಕೆನಾಲ್ ಡಾಕ್‌ವರೆಗೆ, ಅಂದ್ರೆ ಗೂಗಲ್ ಮುಂತಾದ ಕಂಪನಿಗಳಿರೋ ಜಾಗಕ್ಕೆ, ನೇರ ರೈಲು ಶುರುವಾಗಿದ್ದು 2016ರ ನವೆಂಬರ್‌ನಲ್ಲಿ. ಅದೂ ಮೊದಮೊದಲು ಬೆಳಿಗ್ಗೆ-ಸಂಜೆಯ ಆಫೀಸ್ ಹೊತ್ತಿಗೆ ಮಾತ್ರ. ನಿಲ್ದಾಣಕ್ಕೂ ನಿಜವಾಗಿ ಉಪಯೋಗ ಆಗೋ ರೈಲಿಗೂ ನಡುವೆ ಒಂಬತ್ತು ವರ್ಷ! ಷರತ್ತಿನಲ್ಲಿ 'ನಿಲ್ದಾಣ' ಅಂತ ಬರೆಯೋದು ಸುಲಭ. ರೈಲು ಎಲ್ಲಿಗೆ, ಎಷ್ಟು ನಿಮಿಷಕ್ಕೊಂದು ಅಂತ ಬರೆಸೋದೇ ಕಷ್ಟ.

ಎರಡು, ಅದೇ ಹಳಿಯ ಮೇಲೆ ಡಬ್ಲಿನ್ ಕಡೆಗೆ ಮುಂದಿನ ನಿಲ್ದಾಣ ಕಿಶೋಗ್. ನಾಲ್ಕು ಹಳಿಯ ಕೆಲಸದ ಜೊತೆಗೇ 2009ರ ಹೊತ್ತಿಗೆ ಅದನ್ನ ಕಟ್ಟಿ ನಿಲ್ಲಿಸಿದರು. ಆದ್ರೆ 2008ರ ಆರ್ಥಿಕ ಕುಸಿತದಿಂದ ಸುತ್ತ ಬರಬೇಕಿದ್ದ ಮನೆಗಳು ಬರಲೇ ಇಲ್ಲ. ಹದಿನೈದು ವರ್ಷ ಬೀಗ ಹಾಕಿದ್ದ ಆ ನಿಲ್ದಾಣದಲ್ಲಿ ರೈಲು ನಿಂತಿದ್ದು 2024ರ ಆಗಸ್ಟ್‌ನಲ್ಲಿ, ಪಕ್ಕದ ಕ್ಲೋನ್‌ಬರಿಸ್ ಅನ್ನೋ ಹೊಸ ಊರಿನ ಕೆಲಸ ಶುರುವಾದ ಮೇಲೆ. ಡಬ್ಲಿನ್ನಿನ ದಕ್ಷಿಣಕ್ಕೆ ಚೆರಿವುಡ್ ಕಡೆ 2010ರಲ್ಲೇ ಲುವಾಸ್ ಟ್ರಾಮ್ ಹೋಯ್ತು. ಅಲ್ಲೂ ಒಂದು ಸ್ಟಾಪಿನ ಸುತ್ತ ಎಷ್ಟೋ ವರ್ಷ ಬರೀ ಹೊಲ.

ಅಂದ್ರೆ ಮನೆ ಮೊದಲು ಬಂದು ರೈಲು ಬರದಿದ್ದರೆ ಜನಕ್ಕೆ ನಷ್ಟ. ರೈಲು ಮೊದಲು ಬಂದು ಮನೆ ಬರದಿದ್ದರೆ ತೆರಿಗೆ ಕಟ್ಟೋರಿಗೆ ನಷ್ಟ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗಾಗಬಾರದು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಬೇಕು.

ಮೂರು, ಕುಸಿತದ ನಂತರ ಆಡಮ್ಸ್‌ಟೌನ್ ಕೂಡ ನಿಂತುಹೋಯ್ತು. ಹತ್ತು ಸಾವಿರದ ಕನಸು ಕಂಡ ಊರಿನಲ್ಲಿ ಸಾವಿರ ಚಿಲ್ಲರೆ ಮನೆ ಮಾತ್ರ ಎದ್ದಿದ್ದವು. 2014ರಲ್ಲಿ ಯೋಜನೆಯನ್ನ ತಿದ್ದಿ, ಮನೆಗಳ ದಟ್ಟಣೆಯನ್ನ ಇಳಿಸಿದ ಮೇಲೆ ಕೆಲಸ ಮತ್ತೆ ಚುರುಕಾಯ್ತು. ಊರಿನ ನಡುವೆ ಬರಬೇಕಿದ್ದ ಅಂಗಡಿಗಳು 2020ರ ದಶಕದವರೆಗೂ ಬರಲಿಲ್ಲ. ಹಾಲು, ತರಕಾರಿಗೆ ಜನ ಪಕ್ಕದೂರಿಗೆ ಕಾರಿನಲ್ಲಿ ಹೋಗಿ ಬರ್ತಿದ್ದರು. ರೈಲಿದ್ದ ಊರಿನಲ್ಲೂ ಕಾರು ಬಿಡೋಕೆ ಆಗಲಿಲ್ಲ. ಈಗ ಅಂಗಡಿ ಬಂದಿದೆ. 2021ರ ಕೊನೆಯಿಂದ ಆಡಮ್ಸ್‌ಟೌನ್ ನಿಲ್ದಾಣದಿಂದ ಡಬ್ಲಿನ್ ನಡುಭಾಗಕ್ಕೆ ದಿನದ ಇಪ್ಪತ್ನಾಲ್ಕು ಗಂಟೆಯೂ ಬಸ್ ಇದೆ. ತಡವಾದರೂ ಊರು ಊರಿನ ಹಾಗಿದೆ.

ದುಡ್ಡಿನ ಲೆಕ್ಕ

'ಇದೆಲ್ಲ ಚೆನ್ನಾಗಿದೆ, ಆದ್ರೆ ನಮ್ಮ ಸರ್ಕಾರಕ್ಕೆ ದುಡ್ಡು ಎಲ್ಲಿಂದ ಬರಬೇಕು?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಹೊಲವನ್ನ ವಸತಿ ಜಾಗ ಅಂತ ಬದಲಿಸಿದ ಕ್ಷಣ ಅದರ ಬೆಲೆ ಹಲವು ಪಟ್ಟು ಏರುತ್ತೆ. ಹತ್ತಿರ ರೈಲು ಬರುತ್ತೆ ಅಂದ್ರೆ ಇನ್ನೂ ಏರುತ್ತೆ. ಈ ಏರಿಕೆ ಆಗೋದು ಸರ್ಕಾರದ ಸಹಿಯಿಂದ, ಜನರ ತೆರಿಗೆಯಿಂದ. ಹಾಗಿದ್ದ ಮೇಲೆ ಅದರ ಒಂದು ಪಾಲು ಸಾರಿಗೆಗೆ ವಾಪಸ್ ಬರಬೇಕು ಅನ್ನೋದು ನ್ಯಾಯ. ಐರ್ಲೆಂಡಿನ ಅದೇ 2000ದ ಕಾಯ್ದೆಯ 49ನೇ ಸೆಕ್ಷನ್ ಇದನ್ನೇ ಮಾಡುತ್ತೆ. ಇಂಥ ರೈಲು ಮಾರ್ಗಕ್ಕೆ ಅಂತ ಹೆಸರು ಹೇಳಿ, ಆ ಮಾರ್ಗದ ಅಕ್ಕಪಕ್ಕ ಕಟ್ಟೋರಿಂದ ಹೆಚ್ಚುವರಿ ಶುಲ್ಕ ವಸೂಲಿ ಮಾಡ್ತಾರೆ. ಚೆರಿವುಡ್ ಟ್ರಾಮಿಗೆ ಹೀಗೇ ಒಂದು ಪಾಲು ಬಂತು.

ನಮ್ಮಲ್ಲೂ ಇದಕ್ಕೆ ಕಾನೂನಿನ ಬೇರು ಇದೆ. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 18-ಎ ಅನ್ನೋ ಸೆಕ್ಷನ್ ಸೇರಿಸಿ, ಅಭಿವೃದ್ಧಿ ಅನುಮತಿ ಕೊಡುವಾಗ ನೀರು, ವರ್ತುಲ ರಸ್ತೆ, ಸಾಮೂಹಿಕ ಸಾರಿಗೆ ಇವಕ್ಕೆಲ್ಲ ಸೆಸ್, ಸರ್‌ಚಾರ್ಜ್ ವಸೂಲಿ ಮಾಡೋ ದಾರಿ ಮಾಡಿದ್ದಾರೆ. ಬಿಡದಿಯವರು ಕಟ್ಟಿದ ದುಡ್ಡು ಬಿಡದಿಯ ರೈಲಿಗೇ, ಮನೆ ಬರೋ ಮೊದಲೇ ಹೋಗುತ್ತೆ ಅನ್ನೋ ಕಟ್ಟುಪಾಡು ಮಾತ್ರ ಬೇಕು. ರಶೀದಿಯಲ್ಲಿ 'ಸೆಸ್' ಅಂತ ಬರೆದಿರುತ್ತೆ, ಅದು ಯಾವ ಹಳಿಯಾಯ್ತು ಅಂತ ಕಟ್ಟಿದೋನಿಗೆ ಗೊತ್ತಾಗಲ್ಲ.

ತಡ ಮಾಡಿದ್ರೆ ಖರ್ಚು ಹೇಗೆ ಬೆಳೆಯುತ್ತೆ ಅನ್ನೋದಕ್ಕೂ ಡಬ್ಲಿನ್ನೇ ಉದಾಹರಣೆ. ಉತ್ತರಕ್ಕಿರೋ ಸ್ವೋರ್ಡ್ಸ್ ಊರಿಗೆ, ವಿಮಾನ ನಿಲ್ದಾಣದ ಮೂಲಕ, ಮೆಟ್ರೋ ಕೊಡ್ತೀವಿ ಅಂತ 2005ರಲ್ಲೇ ಘೋಷಿಸಿದರು. 2011ರಲ್ಲಿ ದುಡ್ಡಿಲ್ಲ ಅಂತ ಬದಿಗಿಟ್ಟರು. ಆಮೇಲೆ ಮೆಟ್ರೋಲಿಂಕ್ ಅನ್ನೋ ಹೊಸ ಹೆಸರು ಬಂತು. 2022ರ ಅಂದಾಜಿನ ಪ್ರಕಾರ ಸುಮಾರು 19 ಕಿಲೋಮೀಟರಿಗೆ 950 ಕೋಟಿ ಯೂರೋ! ಯೂರೋಗೆ ನೂರು ರೂಪಾಯಿ ಅಂತ ಇಟ್ಟುಕೊಂಡರೂ 95 ಸಾವಿರ ಕೋಟಿ ರೂಪಾಯಿ. ನಮ್ಮ ಹಳದಿ ಮಾರ್ಗವೂ ಹೆಚ್ಚುಕಮ್ಮಿ 19 ಕಿಲೋಮೀಟರೇ, ಅದಕ್ಕೆ ತಗುಲಿದ್ದು ಸುಮಾರು 7,160 ಕೋಟಿ ರೂಪಾಯಿ. ಅದು ಬಹುಪಾಲು ಸುರಂಗ, ಇದು ಮೇಲ್ಸೇತುವೆ. ಅಲ್ಲಿನ ಕೂಲಿ ಬೇರೆ, ಇಲ್ಲಿನದು ಬೇರೆ. ಹಾಗಾಗಿ ಇವೆರಡನ್ನ ನೇರವಾಗಿ ಹೋಲಿಸೋ ಹಾಗಿಲ್ಲ. ಆದ್ರೆ ಊರು ತುಂಬಿದ ಮೇಲೆ ರೈಲು ಹಾಕೋಕೆ ಹೊರಟರೆ ಒಂದೋ ಸುರಂಗ ಕೊರೀಬೇಕು, ಇಲ್ಲಾ ಮನೆ ಕೆಡವಬೇಕು. ಖಾಲಿ ಹೊಲದ ನಡುವೆ ಹಳಿಗೆ ಜಾಗ ಬಿಟ್ಟು ಊರು ಕಟ್ಟಿದ್ರೆ ಇವೆರಡೂ ಬೇಡ. ದುಡ್ಡು ಕಡಿಮೆ ಇರೋ ನಾಡಿಗೇ ಈ ಮುಂದಾಲೋಚನೆ ಹೆಚ್ಚು ಬೇಕು.

ಬಿಡದಿಗೆ ಏನು ಕೇಳಬೇಕು?

ಬಿಡದಿಯ ಅದೃಷ್ಟ ನೋಡಿ, ಅಲ್ಲಿ ಹಳಿ ಆಗಲೇ ಇದೆ. ಬೆಂಗಳೂರು-ಮೈಸೂರು ಮಾರ್ಗ ಜೋಡಿ ಹಳಿಯಾಗಿದೆ, ವಿದ್ಯುತ್ತೂ ಬಂದಿದೆ. ನೇರಳೆ ಮೆಟ್ರೋ 2023ರಲ್ಲಿ ಚಲ್ಲಘಟ್ಟದವರೆಗೆ ಬಂತು. ಆದ್ರೆ ಉಪನಗರ ರೈಲಿನ 'ಪಾರಿಜಾತ' ಮಾರ್ಗ ವೈಟ್‌ಫೀಲ್ಡ್‌ನಿಂದ ಕೆಂಗೇರಿಗೆ ಬಂದು ನಿಲ್ಲುತ್ತೆ, ಬಿಡದಿಗೆ ಬರಲ್ಲ. ಅದೂ ಇನ್ನೂ ಕಾಗದದ ಮೇಲೇ ಇದೆ. 15,767 ಕೋಟಿಯ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದರೂ, ನಾಲ್ಕು ಮಾರ್ಗದಲ್ಲಿ ಒಂದೂ ಓಡಿಲ್ಲ.

ನನ್ನ ಪ್ರಕಾರ ನಾವು ಕೇಳಬೇಕಾದ್ದು ಇಷ್ಟು:

1. ಬಿಡದಿ ಯೋಜನೆಯನ್ನ ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೂ ಬೇಕಾದ ರೈಲು, ಬಸ್ಸು, ನೀರು, ಶಾಲೆಗಳ ಪಟ್ಟಿಯನ್ನ ಅಧಿಕೃತ ಆದೇಶದಲ್ಲೇ ಸೇರಿಸಲಿ. ಪಟ್ಟಿ ಮುಗೀದೆ ಮುಂದಿನ ಹಂತದ ಸೈಟು ಹಂಚಬಾರದು.

2. ಪಟ್ಟಿಯಲ್ಲಿ ಬರೀ 'ನಿಲ್ದಾಣ' ಅಂತ ಬರೆದು ಕೈ ತೊಳೆದುಕೊಳ್ಳಬಾರದು. ರೈಲು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೊಂದು ಅನ್ನೋದೂ ಇರಲಿ. ಹಳದಿ ಮಾರ್ಗದಲ್ಲಿ ಹಳಿ, ನಿಲ್ದಾಣ ಸಿದ್ಧವಾಗಿದ್ದರೂ ರೈಲುಗಳೇ ಬರದೆ ಕಾದಿದ್ದು, ಕೊನೆಗೆ ಮೂರೇ ರೈಲಿನಲ್ಲಿ 25 ನಿಮಿಷಕ್ಕೊಂದರಂತೆ ಶುರುವಾಗಿದ್ದು ನೆನಪಿರಲಿ.

3. ಉಪನಗರ ರೈಲು ಬಿಡದಿಯವರೆಗೆ ಬರಲಿ. ರೈಲ್ವೆ ಇಲಾಖೆ ಕೇಂದ್ರದ ಕೈಯಲ್ಲಿದೆ, ಊರು ಕಟ್ಟೋದು ರಾಜ್ಯ. ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕದೆ ಭೂಮಿ ಮುಟ್ಟಬಾರದು.

4. ಬಿಡದಿಯಲ್ಲಿ ವಸೂಲಿಯಾದ ಸಾರಿಗೆ ಸೆಸ್ ಬೇರೆ ಖಾತೆಯಲ್ಲಿರಲಿ. ಎಷ್ಟು ಬಂತು, ಎಷ್ಟು ಹೋಯ್ತು ಅಂತ ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟವಾಗಲಿ. ಭೂಮಿ ಕೊಟ್ಟ ರೈತನೂ ಅದನ್ನ ಓದೋ ಹಾಗಿರಲಿ.

'ಷರತ್ತು ಹಾಕಿದ್ರೆ ಮನೆ ತಡವಾಗುತ್ತೆ, ಬೆಲೆ ಏರುತ್ತೆ' ಅಂತ ಬಿಲ್ಡರ್‌ಗಳು ಹೇಳೇ ಹೇಳ್ತಾರೆ. ಐರ್ಲೆಂಡಿನಲ್ಲೂ ಹೇಳಿದರು, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಷರತ್ತು ತೀರಾ ಬಿಗಿಯಾದರೆ ಕೆಟ್ಟ ಕಾಲದಲ್ಲಿ ಎಲ್ಲಾ ನಿಂತುಹೋಗುತ್ತೆ. ಅದಕ್ಕೆ ಮದ್ದು ಹಂತಗಳನ್ನ ಚಿಕ್ಕದಾಗಿ ಇಡೋದು. ಷರತ್ತನ್ನೇ ತೆಗೆದು ಹಾಕಿದ್ರೆ ಏನಾಗುತ್ತೆ ಅಂತ ನೋಡೋಕೆ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಹೋಗಿ ಬನ್ನಿ. 2016ರಲ್ಲಿ, ಆಮೇಲೆ 2018ರಲ್ಲಿ ಸುಮಾರು ಐದೈದು ಸಾವಿರ ಸೈಟು ಹಂಚಿದರು. ಎಷ್ಟೋ ವರ್ಷ ಕಳೆದರೂ ರಸ್ತೆ, ನೀರು, ಕರೆಂಟು ಪೂರ್ತಿಯಾಗಲಿಲ್ಲ. ಜನ ರೇರಾ ಬಾಗಿಲು ತಟ್ಟಬೇಕಾಯ್ತು. ಬ್ಯಾಂಕಿನ ಕಂತೂ ಕಟ್ಟು, ಬಾಡಿಗೆಯೂ ಕಟ್ಟು ಅನ್ನೋ ಬಾಳು. ಆ ತಡಕ್ಕೂ ಒಂದು ಬೆಲೆ ಇದೆ, ಕಟ್ಟೋನು ಮಾತ್ರ ಬೇರೆ.

ನಮ್ಮ ಪಾಲು

ದೂರದಲ್ಲಿರೋ ನಾವೇನು ಮಾಡೋಕಾಗುತ್ತೆ ಅಂತ ಕೈಚೆಲ್ಲಬೇಡಿ. ಬೆಂಗಳೂರಿನ ಸೈಟು, ಫ್ಲ್ಯಾಟು ಕೊಳ್ಳೋರಲ್ಲಿ ಹೊರನಾಡಿನ ನಾವೂ ಇದ್ದೀವಿ. ಡಬ್ಲಿನ್ನಿಗೋ ಲಂಡನ್ನಿಗೋ ಬಂದು ಪ್ರಾಪರ್ಟಿ ಮೇಳ ಹಾಕಿ, ನಮಗೆ ಬಣ್ಣದ ಕಾಗದ ಹಂಚಿ ಹೋಗ್ತಾರೆ. ಅದರಲ್ಲಿ 'ಮೆಟ್ರೋದಿಂದ ಐದೇ ನಿಮಿಷ' ಅಂತಿರುತ್ತೆ, ಯಾವ ವರ್ಷದ ಮೆಟ್ರೋ ಅಂತ ಇರಲ್ಲ. ಮುಂದಿನ ಸಲ ಅಂಥ ಕಾಗದ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಸಾರಿಗೆಗೆ ಮಂಜೂರಾತಿ ಆಗಿದೆಯಾ? ದುಡ್ಡು ಇಟ್ಟಿದ್ದಾರಾ? ಅದು ಬರದಿದ್ದರೆ ನಿಮ್ಮ ಮುಂದಿನ ಹಂತ ನಿಲ್ಲುತ್ತಾ? ಮೂರನೆಯದಕ್ಕೆ ಇವತ್ತು ಯಾರ ಬಳಿಯೂ 'ಹೌದು' ಅನ್ನೋ ಉತ್ತರ ಸಿಗೋದು ಕಷ್ಟ. ಕೇಳೋರು ಹೆಚ್ಚಾದರೆ ಸಿಗುತ್ತೆ.

ಇನ್ನೊಂದು ದಾರಿ ಕಾನೂನೇ ಕೊಟ್ಟಿದೆ. ಕರಡು ಮಾಸ್ಟರ್ ಪ್ಲ್ಯಾನ್ ಪ್ರಕಟ ಮಾಡಿದಾಗ ಸಾರ್ವಜನಿಕರು ಆಕ್ಷೇಪಣೆ, ಸಲಹೆ ಸಲ್ಲಿಸಬಹುದು. ಬಿಡದಿಯ ಕರಡು ಬಂದ ದಿನ ನಮ್ಮಲ್ಲಿ ಸಿವಿಲ್ ಎಂಜಿನಿಯರು, ಸಾರಿಗೆ ಯೋಜನೆ ಗೊತ್ತಿರೋರು, ಲೆಕ್ಕ ಬಲ್ಲೋರು ಸೇರಿ ಅದನ್ನ ಓದಬೇಕು. ಹಂತ-ಷರತ್ತಿನ ಒಂದು ಕರಡು ಪಟ್ಟಿಯನ್ನ ಈಗಿಂದಲೇ ಸಿದ್ಧ ಮಾಡಿ ಇಟ್ಟುಕೊಳ್ಳೋಣ. ಅದನ್ನ ಭೈರಮಂಗಲದ ರೈತರಿಗೂ ತೋರಿಸೋಣ. ಊರು ಆಗಲೇಬೇಕು ಅಂತಾದರೆ, ಅವರು ಬಿಟ್ಟುಕೊಟ್ಟ ಹೊಲ ಇನ್ನೊಂದು ಟ್ರಾಫಿಕ್ ಜಾಮ್ ಆಗಬಾರದು ಅಂತ ಕೇಳೋ ಹಕ್ಕು ಎಲ್ಲರಿಗಿಂತ ಅವರಿಗೆ ಜಾಸ್ತಿ.

ಜೊತೆಗೆ ಬರಲು ಆಸಕ್ತಿ ಇರೋರು ಈ ಮಿಂಚಂಚೆಗೇ ಉತ್ತರ ಬರೀರಿ. ಬಿಡದಿ, ರಾಮನಗರ, ಕೆಂಗೇರಿ ಕಡೆಯ ಗೆಳೆಯರಿಗೂ ಇದನ್ನ ತಪ್ಪದೆ ಕಳಿಸಿ.